ಅರ್ಧಕ್ಕೆ ನಿಂತ ಎಂಜಿಬಿ: ರಿಸ್ಟೋರ್ ಮಾಡೋದಾ, ಮಾರೋದಾ?

ಎಂಜಿಬಿ ಅನ್ನುವ ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರನ್ನು ಆಸೆಪಟ್ಟು ತಂದು, ಬಿಚ್ಚಿ, ಅರ್ಧಕ್ಕೆ ನಿಲ್ಲಿಸಿದವರು ತುಂಬ ಜನ ಇದ್ದಾರೆ. ಎಂಜಿನ್ ತಿರುಗುತ್ತದೆ, ಸೀಟು ಹರಿದಿಲ್ಲ, ಹಾಗಾದರೆ ರಿಸ್ಟೋರ್ ಮಾಡಬಹುದು ಅಲ್ವಾ ಅನ್ನುವುದು ಅವರ ಮೊದಲ ಮಾತು. ನನ್ನ ಪ್ರಕಾರ ಈ ಕಾರಿನಲ್ಲಿ ಎಂಜಿನ್ ನೋಡುವುದು ಕೊನೆಗೆ. ಮೊದಲು ನೋಡಬೇಕಾದ್ದು ಬಾಗಿಲ ಕೆಳಗಿನ ಸಿಲ್. ಅದು ಗಟ್ಟಿಯಾಗಿದ್ದರೆ ಪ್ರಾಜೆಕ್ಟ್‌ಗೆ ಇದಕ್ಕಿಂತ ಒಳ್ಳೆಯ ಕಾರು ಸಿಗುವುದು ಕಷ್ಟ. ಅದು ತುಕ್ಕು ಹಿಡಿದು ಹೋಗಿದ್ದು, ವೆಲ್ಡಿಂಗ್ ನಿಮಗೇ ಬರುವುದಿಲ್ಲ ಅಂದರೆ ಮಾರಿಬಿಡಿ.

ಯಾಕೆ ಅಂತ ಹೇಳುತ್ತೇನೆ. 1962ರಿಂದ 1980ರವರೆಗೆ ಐದು ಲಕ್ಷಕ್ಕೂ ಜಾಸ್ತಿ ಎಂಜಿಬಿಗಳು ತಯಾರಾದವು, ಮತ್ತು ಇದರಲ್ಲಿ ಬೇರೆ ಚಾಸಿ ಅಂತ ಇಲ್ಲವೇ ಇಲ್ಲ. ಬಾಡಿಯೇ ಎಲ್ಲ ಭಾರ ಹೊರುತ್ತದೆ. ಮೇಲೆ ಛಾವಣಿ ಇಲ್ಲದ ರೋಡ್‌ಸ್ಟರ್ ಅಂದರೆ ಮುಚ್ಚಳ ಕತ್ತರಿಸಿದ ರಟ್ಟಿನ ಪೆಟ್ಟಿಗೆ ಇದ್ದ ಹಾಗೆ, ಪಕ್ಕದ ಅಂಚುಗಳಲ್ಲೇ ಅದರ ಶಕ್ತಿ. ಆ ಅಂಚೇ ಸಿಲ್. ಹೊರಗೆ ಕಾಣುವ ತಗಡು ಒಂದೇ ಪದರ. ಅದರ ಹಿಂದೆ ನಡುವಿನ ತಗಡು, ಅದರ ಹಿಂದೆ ಒಳ ಸಿಲ್, ಕೆಳಗೆ ಕ್ಯಾಸಲ್ ಸೆಕ್ಷನ್ ಅನ್ನುವ ಉದ್ದದ ಪಟ್ಟಿ. ಹೊರಗಿನ ತಗಡು ಚೆನ್ನಾಗಿ ಕಂಡರೂ ಒಳಗಿನ ಪದರಗಳು ಉದುರಿ ಹೋಗಿರಬಹುದು. ಜಿಟಿ ಮಾಡೆಲ್‌ಗೆ ಛಾವಣಿಯ ಆಸರೆ ಸ್ವಲ್ಪ ಇದೆ, ಆದರೆ ಅಲ್ಲೂ ಸಿಲ್ ಹೋದರೆ ಕಥೆ ಇದೇ.

ಪರೀಕ್ಷೆಗೆ ದುಬಾರಿ ಸಲಕರಣೆ ಏನೂ ಬೇಡ. ಕಾರು ಚಕ್ರದ ಮೇಲೆ ನಿಂತಿರುವಾಗ ಬಾಗಿಲಿನ ಹಿಂದಿನ ಅಂಚಿನ ಸಂದು ನೋಡಿ. ಮೇಲಿನಿಂದ ಕೆಳಗಿನವರೆಗೆ ಅದು ಒಂದೇ ಅಳತೆ ಇರಬೇಕು. ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿದ್ದರೆ ಬಾಡಿ ನಡುವೆ ಬಗ್ಗಿರುವ ಸಾಧ್ಯತೆ ಜಾಸ್ತಿ. ಆಮೇಲೆ ಜಾಕ್ ಹಾಕಿ ನಿಧಾನವಾಗಿ ಎತ್ತುತ್ತಾ ಆ ಸಂದಿನ ಮೇಲೇ ಕಣ್ಣಿಡಿ. ಸಂದು ಬದಲಾಯಿತು, ಬಾಗಿಲು ಉಜ್ಜಲು ಶುರುವಾಯಿತು ಅಂದರೆ ಅಲ್ಲಿಗೆ ಉತ್ತರ ಸಿಕ್ಕಿತು. ಒಂದು ಸಣ್ಣ ಮ್ಯಾಗ್ನೆಟ್‌ಗೆ ತೆಳು ಬಟ್ಟೆ ಸುತ್ತಿ ಸಿಲ್ ಉದ್ದಕ್ಕೂ, ಮುಂದಿನ ಚಕ್ರದ ಹಿಂಭಾಗದಲ್ಲೂ ಆಡಿಸಿ. ಅದು ಹಿಡಿಯದ ಕಡೆ ಒಳಗೆ ಪುಟ್ಟಿ ಇದೆ. ನಾನು ನೋಡಿದ ಒಂದು ಕಾರಿಗೆ ಹೊಸ ಕೆಂಪು ಬಣ್ಣ ಫಳಫಳ ಅಂತಿತ್ತು. ಸ್ಕ್ರೂಡ್ರೈವರ್ ಹಿಡಿಯಿಂದ ಸಿಲ್ ಮೇಲೆ ತಟ್ಟುತ್ತಾ ಹೋದರೆ ಮುಂದಿನ ಒಂದು ಗೇಣು ಮಾತ್ರ ಟಣ್ ಅಂದಿತು, ಉಳಿದದ್ದೆಲ್ಲ ಮಂಕು ಸದ್ದು. ಕೆಳಗೆ ಮಲಗಿ ನೋಡಿದರೆ ಹಳೇ ತುಕ್ಕಿನ ಮೇಲೇ ಹೊಸ ತಗಡು ಹೊದಿಸಿ, ಅಂಚಿಗೆ ಅಲ್ಲಲ್ಲಿ ಚುಕ್ಕಿ ವೆಲ್ಡಿಂಗ್ ಹಾಕಿ, ಸಂದಿಗೆ ಸೀಲಂಟ್ ಬಳಿದಿದ್ದರು. ಇಂಥ ಕಾರು ಪೂರ್ತಿ ತುಕ್ಕು ಹಿಡಿದ ಕಾರಿಗಿಂತ ಜಾಸ್ತಿ ಕೆಲಸ ಕೊಡುತ್ತದೆ, ಯಾಕೆಂದರೆ ಮೊದಲು ಆ ಸುಳ್ಳು ತಗಡನ್ನು ಕಿತ್ತ ಮೇಲೇ ನಿಜ ಗೊತ್ತಾಗುವುದು.

ಸೀಟಿನ ಹಿಂದಿನ ಮುಚ್ಚಳ ಎತ್ತಿ ಬ್ಯಾಟರಿ ಪೆಟ್ಟಿಗೆಗಳನ್ನೂ ನೋಡಿ. 1974ರವರೆಗಿನ ಕಾರುಗಳಲ್ಲಿ 6 ವೋಲ್ಟಿನ ಎರಡು ಬ್ಯಾಟರಿ ಇರುತ್ತಿದ್ದವು, ಆಮೇಲೆ 12 ವೋಲ್ಟಿನ ಒಂದೇ. ಆಸಿಡ್ ಚೆಲ್ಲಿ, ನೀರು ನಿಂತು ಆ ಜಾಗ ಕೊಳೆಯುತ್ತದೆ. ಪೆಟ್ರೋಲ್ ಟ್ಯಾಂಕ್ ತೂತಾಗುವುದು ಸಾಮಾನ್ಯವಾಗಿ ಮೇಲ್ಭಾಗದಲ್ಲಿ, ಡಿಕ್ಕಿಯ ತಳಕ್ಕೂ ಟ್ಯಾಂಕಿಗೂ ಮಧ್ಯೆ ಕೆಸರು ಸೇರಿ. ಇವೆರಡೂ ಸುಲಭದ ರಿಪೇರಿ, ಇದನ್ನು ನೋಡಿ ಹೆದರಬೇಡಿ.

ಈಗ ಸಿಲ್ ಹೋಗಿದೆ, ಆದರೂ ಮಾಡಿಸುತ್ತೇನೆ ಅನ್ನುವವರಿಗೆ. ಕೆಲಸ ಕೊಡುವ ಮೊದಲು ವೆಲ್ಡಿಂಗ್ ಮಾಡುವವರನ್ನು ಒಂದೇ ಪ್ರಶ್ನೆ ಕೇಳಿ: ಬಾಡಿ ಬಗ್ಗದ ಹಾಗೆ ಹೇಗೆ ಹಿಡಿದಿಡುತ್ತೀರಿ? ಬಾಗಿಲ ಜಾಗಕ್ಕೆ ಅಡ್ಡ ಪೈಪ್ ಕೊಟ್ಟು, ಒಂದು ಸಲಕ್ಕೆ ಒಂದೇ ಪಕ್ಕ ಕತ್ತರಿಸಿ, ಪಕ್ಕಾ ವೆಲ್ಡ್ ಹಾಕುವ ಮೊದಲು ಬಾಗಿಲು ಕೂರಿಸಿ ಸಂದು ಅಳೆಯುತ್ತೇವೆ ಅಂದರೆ ನಂಬಬಹುದು. "ಅದೆಲ್ಲ ಬೇಕಾಗಿಲ್ಲ ಬಿಡಿ" ಅಂದರೆ ಕಾರನ್ನು ವಾಪಸ್ ತನ್ನಿ. ಬಗ್ಗಿದ ಬಾಡಿಗೆ ಹೊಸ ಸಿಲ್ ಕೂರಿಸಿಬಿಟ್ಟರೆ ಆ ಬಾಗಿಲು ಆಮೇಲೆ ಸರಿಯಾಗಿ ಮುಚ್ಚುವುದಿಲ್ಲ, ಅದನ್ನು ಸರಿಮಾಡಲು ಹೊಸ ಸಿಲ್‌ನ್ನೇ ಮತ್ತೆ ಕತ್ತರಿಸಬೇಕು. ಎಂಥಾ ದುಃಖ ಅಲ್ವಾ.

ಹೊಸ ಶೆಲ್, ಅಂದರೆ ಹೊಸ ಖಾಲಿ ಬಾಡಿಯನ್ನೇ ಹಾಕುವ ದಾರಿಯೂ ಇದೆ. ಬ್ರಿಟಿಷ್ ಮೋಟಾರ್ ಹೆರಿಟೇಜ್ ಅನ್ನುವ ಕಂಪನಿ 1988ರಲ್ಲಿ ಮೂಲ ಅಚ್ಚುಗಳನ್ನೇ ಬಳಸಿ ಎಂಜಿಬಿಯ ಹೊಸ ಬಾಡಿ ಶೆಲ್ ತಂದಿತು. 1992ರ ಎಂಜಿ ಆರ್‌ವಿ8 ಅನ್ನುವ ಹೊಸ ಕಾರು ಬಂದದ್ದೂ ಆ ಕೆಲಸದ ಬೆನ್ನಲ್ಲೇ. ಇಷ್ಟು ಹಳೇ ಕಾರಿಗೆ ಇಂಥ ಭಾಗ್ಯ ಇರುವುದು ಅಪರೂಪ. ಆದರೆ ಹೊಸ ಶೆಲ್‌ಗೆ ಬಣ್ಣ ಹೊಡೆಸಿ, ವೈರಿಂಗ್‌ನಿಂದ ಗಾಜಿನವರೆಗೆ ಎಲ್ಲವನ್ನೂ ಅದಕ್ಕೆ ಸಾಗಿಸಬೇಕು. ಖರ್ಚು ಮಾರಾಟದಲ್ಲಿ ವಾಪಸ್ ಬರಲಿ ಅನ್ನುವವರಿಗೆ ಈ ದಾರಿ ಬೇಡ. ಈ ಕಾರು ನನ್ನ ಹತ್ತಿರವೇ ಇರಬೇಕು ಅನ್ನುವವರಿಗೆ ಮಾತ್ರ.

ಎಂಜಿನ್ ವಿಷಯದಲ್ಲಿ ನಿಶ್ಚಿಂತೆಯಿಂದಿರಿ. 1798 ಸಿಸಿಯ ಬಿ ಸೀರೀಸ್, ಕಬ್ಬಿಣದ ಬ್ಲಾಕ್, ಸರಳ ರಚನೆ. 1964ರ ಕೊನೆಯಿಂದ ಕ್ರ್ಯಾಂಕ್ ಶಾಫ್ಟ್ ಹಿಡಿದಿಡುವ ಮೇನ್ ಬೇರಿಂಗ್ ಮೂರರ ಬದಲು ಐದಾಯಿತು, ಅದು ಇನ್ನೂ ಗಟ್ಟಿ. ಬಿಸಿಯಾದ ಮೇಲೆ ಓಡುವಾಗ ಆಯಿಲ್ ಪ್ರೆಷರ್ 50 ಪಿಎಸ್‌ಐ ಅಥವಾ ಅದಕ್ಕಿಂತ ಜಾಸ್ತಿ ತೋರಿಸಿದರೆ ಸುಮ್ನೆ ಬಿಚ್ಚಬೇಡಿ. ಎಂಜಿನ್ ತಿರುಗದೆ ಹಿಡಿದುಕೊಂಡಿದ್ದರೂ ರಿಪೇರಿ ಆಗುತ್ತದೆ, ಬಿಡಿಭಾಗ ಸಿಗುತ್ತದೆ. ಜೋಡಿ ಎಸ್‌ಯು ಕಾರ್ಬುರೇಟರ್‌ಗಳನ್ನು ತಾಳ್ಮೆ ಇರುವ ಯಾರು ಬೇಕಾದರೂ ಟ್ಯೂನ್ ಮಾಡಲು ಕಲಿಯಬಹುದು. ಗೇರ್‌ಬಾಕ್ಸ್‌ನಲ್ಲಿ ಮಾತ್ರ ಒಂದು ಗಮನಿಸಿ: 1967ರ ಕೊನೆಗೆ ಮಾರ್ಕ್ 2 ಬರುವವರೆಗೆ ಮೊದಲ ಗೇರ್‌ಗೆ ಸಿಂಕ್ರೋ (ಗೇರ್ ಸದ್ದಿಲ್ಲದೆ ಕೂರುವಂತೆ ಮಾಡುವ ಭಾಗ) ಇರಲಿಲ್ಲ, ಆ ಕಾರುಗಳಲ್ಲಿ ನಿಂತ ಮೇಲೆ ಮೊದಲ ಗೇರ್ ಹಾಕುವಾಗ ಬರುವ ಕಿರ್ ಸದ್ದನ್ನು ದೊಡ್ಡ ದೋಷ ಅಂದುಕೊಳ್ಳಬೇಡಿ. ವೇಗದಲ್ಲಿ ಎಂಜಿನ್ ನಿಧಾನ ತಿರುಗುವಂತೆ ಮಾಡುವ ಓವರ್‌ಡ್ರೈವ್ ಇದ್ದರೆ ಅದೃಷ್ಟ, ಹೆದ್ದಾರಿಯಲ್ಲಿ ಕಾರಿನ ಗುಣವೇ ಬೇರೆ.

1974ರ ಕೊನೆಯಿಂದ ಬಂದ ಕಾರುಗಳಿಗೆ ಕಪ್ಪು ರಬ್ಬರ್ ಬಂಪರ್, ಎತ್ತರವೂ ಸ್ವಲ್ಪ ಹೆಚ್ಚಿಸಿದ್ದರು, ಅಮೆರಿಕದ ನಿಯಮಗಳಿಗಾಗಿ. ಅದಕ್ಕೂ ಮೊದಲಿನ ಕ್ರೋಮ್ ಬಂಪರ್ ಕಾರಿಗೆ ಬೇಡಿಕೆ ಜಾಸ್ತಿ. ಆದರೆ ಎರಡಕ್ಕೂ ಟಿಂಕರಿಂಗ್ ಕೆಲಸ ಅಷ್ಟೇ, ಬಣ್ಣದ ಕೆಲಸ ಅಷ್ಟೇ. ಹಾಗಾಗಿ ಸಿಲ್ ಹೋದ ರಬ್ಬರ್ ಬಂಪರ್ ಕಾರನ್ನು ಮಾರುವ ಉದ್ದೇಶದಿಂದ ರಿಸ್ಟೋರ್ ಮಾಡುವುದು ನನಗೆ ಸರಿ ಕಾಣುವುದಿಲ್ಲ. ಸಿಲ್ ಗಟ್ಟಿ ಇರುವ ರಬ್ಬರ್ ಬಂಪರ್ ಕಾರು ಸಿಕ್ಕರೆ ಬಿಡಬೇಡಿ, ಓಡಿಸುವ ಖುಷಿಗೆ ಅದರಲ್ಲಿ ಏನೂ ಕಮ್ಮಿ ಇಲ್ಲ. ಅದಕ್ಕೆ ಕ್ರೋಮ್ ಹಾಕಿಸಿ ಹಳೇ ಮಾಡೆಲ್ ಥರ ಮಾಡಿಸುವ ಗೋಜಿಗೂ ಹೋಗಬೇಡಿ.

ಇಟ್ಟುಕೊಳ್ಳುವುದು ಅಂತ ತೀರ್ಮಾನಿಸಿದರೆ ಇಡೀ ಕಾರನ್ನು ಒಂದೇ ಸಲ ಬಿಚ್ಚಬೇಡಿ, ದಯವಿಟ್ಟು. ಬ್ರೇಕ್ ಮುಗಿಸಿ, ಓಡಿಸಿ. ಆಮೇಲೆ ಸಸ್ಪೆನ್ಷನ್, ಮುಂದಿನ ಚಕ್ರ ತಿರುಗುವ ಕಿಂಗ್ ಪಿನ್‌ಗೆ ಗ್ರೀಸ್, ಮತ್ತೆ ಓಡಿಸಿ. ಆಮೇಲೆ ವೈರಿಂಗ್. ನಾನು ನೋಡಿದ ನಿಂತುಹೋದ ಪ್ರಾಜೆಕ್ಟ್‌ಗಳಲ್ಲಿ ಜಾಸ್ತಿ ಪಾಲು ನಿಂತದ್ದು ತುಕ್ಕಿನಿಂದಲ್ಲ, ಹತ್ತಾರು ಡಬ್ಬಿಗಳಲ್ಲಿ ಬಿದ್ದಿರುವ ನಟ್ಟು ಬೋಲ್ಟು ಎಲ್ಲಿಯದು ಅಂತ ಗೊತ್ತಾಗದೆ ಮನಸ್ಸು ಸೋತದ್ದರಿಂದ.

ಮಾರುವುದಾದರೆ ಇದ್ದ ಹಾಗೇ ಮಾರಿ. ಎಂಜಿನ್ ಒಬ್ಬರಿಗೆ, ಚಕ್ರ ಇನ್ನೊಬ್ಬರಿಗೆ ಅಂತ ಕೊಟ್ಟರೆ ಕೊನೆಗೆ ಯಾರಿಗೂ ಬೇಡದ ಶೆಲ್ ನಿಮ್ಮ ಹತ್ತಿರ ಉಳಿಯುತ್ತದೆ. ಅಂದವಾಗಿ ಕಾಣಲಿ ಅಂತ ಪ್ರೈಮರ್ ಹೊಡೆಸಬೇಡಿ: ಸಾಮಾನ್ಯ ಪ್ರೈಮರ್ ತೇವ ಹೀರುತ್ತದೆ, ಅಡಿಯಲ್ಲಿ ತುಕ್ಕು ಮತ್ತೆ ಶುರುವಾಗುತ್ತದೆ, ಅದಕ್ಕಿಂತ ಮುಖ್ಯವಾಗಿ ಕೊಳ್ಳುವವರಿಗೆ ಏನನ್ನೋ ಮುಚ್ಚಿಟ್ಟಿದ್ದಾರೆ ಅನ್ನಿಸುತ್ತದೆ. ತುಕ್ಕು ಇರುವ ಕಡೆಗಳ ಫೋಟೋವನ್ನೇ ಮೊದಲು ತೋರಿಸಿ. ಬಿಚ್ಚಿದ ಭಾಗಗಳನ್ನು ಚೀಲಕ್ಕೆ ಹಾಕಿ ಹೆಸರು ಬರೆಯಿರಿ. ಕಾಗದಪತ್ರ ಸರಿಮಾಡಿಸಿ. ಬ್ರಿಟಿಷ್ ಮೋಟಾರ್ ಮ್ಯೂಸಿಯಂನಿಂದ ಹೆರಿಟೇಜ್ ಸರ್ಟಿಫಿಕೇಟ್ ತರಿಸಿಕೊಂಡರೆ ಕಾರು ತಯಾರಾದ ದಿನ, ಮೂಲ ಬಣ್ಣ, ಎಂಜಿನ್ ನಂಬರ್ ಎಲ್ಲ ಅದರಲ್ಲಿ ಸಿಗುತ್ತದೆ. ಕೊಳ್ಳುವವರ ಎದುರಿಗೇ ಬಾನೆಟ್ ಎತ್ತಿ ಆ ನಂಬರ್ ತಾಳೆ ನೋಡಿಸಿ, ಅರ್ಧ ಚೌಕಾಸಿ ಅಲ್ಲೇ ಮುಗಿಯುತ್ತದೆ.