ಬದನೆ ಸಸಿ ಈಗ ಬೀಳುತ್ತಿಲ್ಲ: ಡಯಾಟಮೈಟ್ ಹರಳಿನಲ್ಲಿ ಬೀಜ ಬಿತ್ತಿದ ಅನುಭವ

ಡಯಾಟಮೈಟ್ ಅಂದರೆ ನೀರಿನ ಪಾಚಿಯ ಚಿಪ್ಪುಗಳು ಶೇಖರವಾಗಿ ಆದ ಮಣ್ಣು, ಡಯಾಟಮೇಷಿಯಸ್ ಅರ್ಥ್ ಅನ್ನುವುದೂ ಇದನ್ನೇ. ನಾನು ಬರೆಯುತ್ತಿರುವುದು ಅದರ ಹರಳಿನ ಬಗ್ಗೆ, ಪುಡಿಯ ಬಗ್ಗೆ ಅಲ್ಲ. ಡಯಾಟಮೇಷಿಯಸ್ ಅರ್ಥ್ ಅಂತ ಹುಡುಕಿದರೆ ಮೊದಲು ಸಿಗುವುದು ಮೈದಾ ಹಿಟ್ಟಿನಂಥ ಬಿಳಿ ಪುಡಿ. ಇರುವೆ, ಜಿರಳೆ ಓಡಾಡುವ ಕಡೆ ಉದುರಿಸುವುದು ಅದನ್ನೇ. ಅದರಲ್ಲಿ ಬೀಜ ಬಿತ್ತಲು ಆಗುವುದಿಲ್ಲ. ನೀರು ಬಿದ್ದರೆ ಕೆಸರಾಗುತ್ತದೆ, ಒಣಗಿದರೆ ಹೆಪ್ಪುಗಟ್ಟುತ್ತದೆ, ಬೇರಿಗೆ ಗಾಳಿಯೇ ಸಿಗುವುದಿಲ್ಲ. ಬಿತ್ತಲು ಬೇಕಿರುವುದು ಅದೇ ಮಣ್ಣನ್ನು ಸಾವಿರ ಡಿಗ್ರಿ ಆಸುಪಾಸಿನ ಶಾಖದಲ್ಲಿ ಸುಟ್ಟು ಮಾಡಿದ ಎರಡರಿಂದ ನಾಲ್ಕು ಮಿಲಿಮೀಟರ್‌ನ ಹರಳು. ಬೋನ್ಸಾಯ್ ಬೆಳೆಸುವವರು ಇದನ್ನು ತರಿಸುತ್ತಾರೆ. ನನಗೂ ಅವರಿಂದಲೇ ಗೊತ್ತಾಗಿದ್ದು.

ನಮ್ಮದು ಬೆಂಗಳೂರಿನ ತಾರಸಿ ತೋಟ. ಬೇಸಿಗೆಯಲ್ಲಿ ಬಿತ್ತಿದರೆ ತೆಂಗಿನ ನಾರಿನ ಪುಡಿಯಾದ ಕೋಕೋಪೀಟ್‌ನಲ್ಲಿ ಯಾವ ತೊಂದರೆಯೂ ಇಲ್ಲ. ಗೋಳು ಶುರುವಾಗುವುದು ಜೂನ್ ದಾಟಿದ ಮೇಲೆ. ಮೋಡ ಮುಚ್ಚಿಕೊಂಡಿರುತ್ತದೆ, ಜಿಟಿಜಿಟಿ ಮಳೆ, ಗಾಳಿಯಲ್ಲೂ ತೇವ. ಬದನೆ, ಮೆಣಸಿನಕಾಯಿ ಸಸಿಗಳು ಎರಡು ಬೀಜದೆಲೆ ಬಿಚ್ಚಿಕೊಂಡು ಚೆನ್ನಾಗಿ ನಿಂತಿರುತ್ತವೆ. ಬೆಳಗಾಗುವಷ್ಟರಲ್ಲಿ ಬುಡ ಸಣಕಲಾಗಿ, ಸಾಲಾಗಿ ಅಡ್ಡ ಬಿದ್ದಿರುತ್ತವೆ. ಪಿಥಿಯಂನಂಥ ಸೂಕ್ಷ್ಮಜೀವಿಗಳು ತರುವ ಬುಡ ಕೊಳೆ ರೋಗ ಇದು. ಒಮ್ಮೆ ಬಿದ್ದ ಸಸಿಯನ್ನು ಉಳಿಸಲು ಆಗುವುದಿಲ್ಲ. ಕೋಕೋಪೀಟ್‌ನ ತೊಂದರೆ ಏನೆಂದರೆ, ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿಯಾಗೇ ಇರುತ್ತದೆ. ಕಣ್ಣಿಗೆ ಒಣಗಿದೆ ಅಂತ ನೀರು ಹಾಕುತ್ತೇವೆ, ರೋಗಕ್ಕೆ ಅದೇ ಸಾಕು.

ಡಯಾಟಮೈಟ್ ನನಗೆ ಇಷ್ಟವಾಗಿದ್ದು ಇಲ್ಲೇ. ಇದು ಬಣ್ಣದಲ್ಲೇ ಹೇಳಿಬಿಡುತ್ತದೆ. ನಾನು ತರಿಸುವ ಹರಳು ಒಣಗಿದ್ದಾಗ ತೆಳು ಗುಲಾಬಿ. ಮಣ್ಣಿನಲ್ಲಿರುವ ಕಬ್ಬಿಣದ ಅಂಶ ಸುಟ್ಟಾಗ ಆ ಬಣ್ಣ ಬರುತ್ತದೆ. ನೀರು ಕುಡಿದರೆ ಕಡು ಕಂದು. ನಡುವೆ ಅನುಮಾನಕ್ಕೆ ಜಾಗವೇ ಇಲ್ಲ.

ಬೆಳಗಿನ ಕಾಫಿ ಲೋಟ ಹಿಡಿದುಕೊಂಡು ತಾರಸಿಗೆ ಹೋಗುತ್ತೇನೆ. ಬಿತ್ತಲು ಬೇಕರಿ ಸ್ವೀಟಿನ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಗಳನ್ನು ಇಟ್ಟುಕೊಂಡಿದ್ದೇನೆ, ತಳಕ್ಕೆ ಕಾಯಿಸಿದ ಮೊಳೆಯಿಂದ ತೂತು ಹಾಕಿ. ಸಸಿ ಬೆಳೆಸುವ ಗುಳಿಗಳಿರುವ ಪ್ರೋ ಟ್ರೇ ಕೂಡ ಇದೆ, ಆದರೆ ಕಪ್ಪು ಟ್ರೇಯಲ್ಲಿ ಪಕ್ಕದಿಂದ ಏನೂ ಕಾಣುವುದಿಲ್ಲ. ಡಬ್ಬಿಯನ್ನು ಪಕ್ಕದಿಂದ ನೋಡಿದರೆ ಒಣಗಿದ ಪದರ ಎಲ್ಲಿಗೆ ಇಳಿದಿದೆ ಅಂತ ಗೆರೆ ಎಳೆದ ಹಾಗೆ ಕಾಣುತ್ತದೆ. ಮೇಲಿನ ಅರ್ಧ ಬೆರಳು ಗುಲಾಬಿ, ಕೆಳಗೆಲ್ಲ ಕಂದು ಅಂದರೆ ಮುಟ್ಟುವುದಿಲ್ಲ. ಮುಕ್ಕಾಲು ಭಾಗ ಗುಲಾಬಿಯಾದರೆ ಡಬ್ಬಿಯನ್ನು ಸ್ಟೀಲ್ ತಟ್ಟೆಯಲ್ಲಿಟ್ಟು ತಟ್ಟೆಗೆ ನೀರು ಸುರಿಯುತ್ತೇನೆ. ಕಂದು ಬಣ್ಣ ಹರಳಿನಿಂದ ಹರಳಿಗೆ ಹತ್ತುತ್ತಾ ಮೇಲೆ ಬರುತ್ತದೆ. ಕಾಫಿ ಮುಗಿಯುವಷ್ಟರಲ್ಲಿ ಅರ್ಧ ದಾರಿ ಬಂದಿರುತ್ತದೆ. ಇದನ್ನು ನೋಡುತ್ತಾ ನಿಲ್ಲುವುದು ನನಗೆ ನಿಜವಾಗಿಯೂ ಖುಷಿ. ಮೇಲಿನ ಪದರ ಕಂದಾಗುವ ಮೊದಲೇ ತಟ್ಟೆಯಿಂದ ಎತ್ತಿಬಿಡುತ್ತೇನೆ. ಸಸಿಯ ಬುಡ ಒಣಗಿರುತ್ತದೆ, ಬೇರಿಗೆ ನೀರು ಸಿಕ್ಕಿರುತ್ತದೆ.

ಈ ಪದ್ಧತಿಗೆ ಬಂದ ಮೇಲೆ ಮಳೆಗಾಲದಲ್ಲೂ ಬದನೆ ಸಸಿ ಸಾಲುಸಾಲಾಗಿ ಬಿದ್ದಿದ್ದು ನೋಡಿಲ್ಲ. ಅಲ್ಲೊಂದು ಇಲ್ಲೊಂದು ಹೋಗುತ್ತದೆ, ಅಷ್ಟೇ. ಕೋಕೋಪೀಟ್ ಸುತ್ತ ಹಾರಾಡುತ್ತಿದ್ದ ಪುಟ್ಟ ಕಪ್ಪು ನೊಣಗಳೂ ಇಲ್ಲಿ ಕಾಣುವುದಿಲ್ಲ. ಡಯಾಟಮೈಟ್ ಹುಳ ಕೊಲ್ಲುತ್ತದೆ ಅನ್ನುವ ಮಾತಿಗೂ ಇದಕ್ಕೂ ಸಂಬಂಧ ಇಲ್ಲ. ಹುಳುವಿನ ಮೈಮೇಲಿನ ಮೇಣದ ಪದರ ಹೀರಿ ಕೊಲ್ಲುವುದು ಒಣ ಪುಡಿ, ಒದ್ದೆ ಹರಳಲ್ಲ. ಇಲ್ಲಿ ಆ ನೊಣದ ಮರಿಗಳು ತಿನ್ನುವಂಥ ಕೊಳೆಯುವ ಪದಾರ್ಥವೇ ಇಲ್ಲ, ಮೇಲ್ಭಾಗವೂ ಒಣಗಿರುತ್ತದೆ.

ಡಯಾಟಮೈಟ್ ಬಂದಿರುವುದು ಡಯಾಟಮ್ ಅನ್ನುವ ನೀರಿನ ಪಾಚಿಯಿಂದ. ಅವುಗಳ ಸಿಲಿಕಾ ಚಿಪ್ಪು ಕೆರೆ, ಕಡಲಿನ ತಳದಲ್ಲಿ ಲಕ್ಷಾಂತರ ವರ್ಷ ಶೇಖರವಾಗಿ ಆದ ಮಣ್ಣು. ಒಂದೊಂದು ಚಿಪ್ಪಿನ ತುಂಬ ತೂತು. 1867ರಲ್ಲಿ ಆಲ್ಫ್ರೆಡ್ ನೊಬೆಲ್ ಡೈನಮೈಟ್‌ಗೆ ಪೇಟೆಂಟ್ ಪಡೆದಾಗ ನೈಟ್ರೋಗ್ಲಿಸರಿನ್ ಹೀರಿಸಿದ್ದು ಇದೇ ಮಣ್ಣಿಗೆ. ನಮಗೆ ಹೀರಬೇಕಿರುವುದು ನೀರು. ತನ್ನ ತೂಕಕ್ಕಿಂತ ಜಾಸ್ತಿ ನೀರು ಹಿಡಿದುಕೊಂಡೂ ಹರಳುಗಳ ನಡುವೆ ಗಾಳಿಗೆ ಜಾಗ ಬಿಡುತ್ತದೆ.

ಬಿತ್ತುವಾಗ ಗಮನಿಸಬೇಕಾದ್ದು ಬೀಜದ ಗಾತ್ರ. ಟೊಮೆಟೊ, ಬದನೆ, ಮೆಣಸಿನಕಾಯಿ ಪರವಾಗಿಲ್ಲ. ಹರಿವೆ, ಕಾಮಕಸ್ತೂರಿ, ಪೆಟೂನಿಯಾ ಹಾಕಿದರೆ ಸಂದಿಯಲ್ಲಿ ಜಾರಿ ತಳಕ್ಕೆ ಹೋಗುತ್ತವೆ. ಹರಳನ್ನು ರವೆ ಜರಡಿಯಲ್ಲಿ ಜರಡಿ ಹಿಡಿದರೆ ಕೆಳಗೆ ಬೀಳುವ ನುಚ್ಚನ್ನು ನಾನು ಬಿಸಾಡುವುದಿಲ್ಲ. ತೊಳೆದು ಎತ್ತಿಟ್ಟು, ಸಣ್ಣ ಬೀಜಕ್ಕೆ ಮೇಲಿನ ಪದರವಾಗಿ ಹಾಕುತ್ತೇನೆ. ಮೊಳಕೆ ಬೇಗ ಬರುತ್ತದೆ ಅಂತ ಏನೂ ಇಲ್ಲ. ಟೊಮೆಟೊಗೆ ವಾರ, ಮೆಣಸಿನಕಾಯಿಗೆ ಅದಕ್ಕಿಂತ ಜಾಸ್ತಿ, ಎಲ್ಲದರಲ್ಲೂ ಆಗುವ ಹಾಗೆ.

ಹರಳಿನಲ್ಲಿ ಗಿಡಕ್ಕೆ ಬೇಕಾದ ಆಹಾರ ಇಲ್ಲ. ಬೀಜದೆಲೆ ಇರುವ ತನಕ ಸಸಿ ತನ್ನ ಬುತ್ತಿಯಲ್ಲೇ ಬದುಕುತ್ತದೆ. ಮೊದಲ ನಿಜವಾದ ಎಲೆ ಬಂದ ಮೇಲೆ ಲೀಟರ್ ನೀರಿಗೆ ಅರ್ಧ ಗ್ರಾಂ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮನಾಗಿರುವ ಗೊಬ್ಬರ) ಕರಗಿಸಿ ತಟ್ಟೆಗೆ ಹಾಕುತ್ತೇನೆ. ಗೊಬ್ಬರವೇ ಬೇಡ ಅನ್ನುವವರಿಗೆ ಇದು ಹೊಂದುವುದಿಲ್ಲ.

ಇಷ್ಟು ಹೊಗಳಿದ ಮೇಲೆ ಸಿಟ್ಟಿನ ವಿಷಯವನ್ನೂ ಹೇಳಬೇಕು. ಮೊದಲ ಚೀಲ ಖಾಲಿಯಾದಾಗ ಬೇರೆ ಆನ್‌ಲೈನ್ ಮಾರಾಟಗಾರರಿಂದ ತರಿಸಿದೆ. ಹೆಸರು ಅದೇ, ಫೋಟೋ ಅದೇ, ಬೆಲೆಯೂ ಹೆಚ್ಚುಕಡಿಮೆ ಅದೇ. ಬಂದದ್ದು ಸರಿಯಾಗಿ ಸುಡದ ಮಾಲು. ನೀರಿನಲ್ಲಿಟ್ಟ ಮಾರನೇ ದಿನವೇ ಬೆರಳಲ್ಲಿ ಒತ್ತಿದರೆ ಪೇಸ್ಟ್. ಬಿತ್ತಿದ ಡಬ್ಬಿಗಳ ತಳದಲ್ಲಿ ಅದೆಲ್ಲ ಕೂತು ತೂತು ಮುಚ್ಚಿ, ನೀರು ನಿಂತು, ಸಸಿಗಳೆಲ್ಲ ಹಳದಿಯಾದವು. ಕೇಳಿದರೆ "ನ್ಯಾಚುರಲ್ ವಸ್ತು ಮೇಡಂ, ಹಂಗೇ ಇರುತ್ತೆ" ಅಂದರು. ನ್ಯಾಚುರಲ್ ಆದರೆ ಏನಂತೆ? ಸುಟ್ಟ ಹರಳು ಅಂತ ಬರೆದು ಮಾರಿದ ಮೇಲೆ ಅದು ಸುಟ್ಟಿರಬೇಕು. ದುಡ್ಡೂ ವಾಪಸ್ ಬರಲಿಲ್ಲ, ಆ ಸಲದ ಬಿತ್ತನೆ ಕಾಲವೂ ಹೋಯಿತು.

ಇನ್ನೊಂದು, ದೂಳು. ನಾನು ಕೊಂಡ ಯಾವ ಪ್ಯಾಕೆಟ್ ಮೇಲೂ ಇದರ ಬಗ್ಗೆ ಒಂದು ಸಾಲು ಇರಲಿಲ್ಲ. ಡಯಾಟಮೈಟನ್ನು ಹೆಚ್ಚು ಶಾಖದಲ್ಲಿ ಸುಟ್ಟಾಗ ಸಿಲಿಕಾದ ಒಂದು ಭಾಗ ಕ್ರಿಸ್ಟೊಬಲೈಟ್ ಅನ್ನುವ ಸ್ಫಟಿಕ ರೂಪಕ್ಕೆ ತಿರುಗುತ್ತದೆ. ಅದರ ದೂಳನ್ನು ಉಸಿರಲ್ಲಿ ಎಳೆದುಕೊಂಡರೆ ಶ್ವಾಸಕೋಶಕ್ಕೆ ಹಾನಿ. ಒದ್ದೆಯಾಗಿದ್ದಾಗ ಭಯವಿಲ್ಲ. ಹಾಗಾಗಿ ಚೀಲ ಬಿಚ್ಚುವುದು ಬಯಲಲ್ಲೇ, ಎನ್95 ಮಾಸ್ಕ್ ಹಾಕಿಕೊಂಡು. ಬಿಚ್ಚಿದ ಕೂಡಲೇ ಬಕೆಟ್ ನೀರಿಗೆ ಸುರಿಯುತ್ತೇನೆ. ಹಾಲಿನ ಬಣ್ಣದ ನೀರು ತಿಳಿಯಾಗುವ ತನಕ ತೊಳೆಯುತ್ತೇನೆ. ಜರಡಿ ಹಿಡಿಯುವುದೂ ಒದ್ದೆಯಲ್ಲೇ. ಮಕ್ಕಳನ್ನು ಆ ಹೊತ್ತಿನಲ್ಲಿ ತಾರಸಿಗೆ ಬಿಡುವುದಿಲ್ಲ. ಮಾರುವವರು ಇದನ್ನು ದಪ್ಪ ಅಕ್ಷರದಲ್ಲಿ ಬರೆಯಬೇಕು ಅಲ್ವಾ?

ಬೋರ್‌ವೆಲ್ ನೀರು ಬಳಸುವವರಿಗೆ ಉಪ್ಪಿನ ಕಾಟವೂ ಇದೆ. ಕೆಳಗಿನಿಂದಲೇ ನೀರು ಕುಡಿಸುತ್ತಾ ಹೋದರೆ ಲವಣವೆಲ್ಲ ಮೇಲಿನ ಪದರಕ್ಕೆ ಬಂದು ಬಿಳಿ ಪೊರೆ ಕಟ್ಟುತ್ತದೆ. ಬಿಸಿಲು ಇರುವ ದಿನ ನೋಡಿ ಒಮ್ಮೊಮ್ಮೆ ಮೇಲಿನಿಂದ ಮಳೆನೀರು ಧಾರಾಳವಾಗಿ ಹಾಯಿಸಿ ಬಸಿದುಬಿಟ್ಟರೆ ಸರಿಹೋಗುತ್ತದೆ.

ಖರ್ಚಿನ ಮಾತು. ಕೋಕೋಪೀಟ್ ಇಟ್ಟಿಗೆಯ ಪಕ್ಕದಲ್ಲಿಟ್ಟರೆ ಇದು ದುಬಾರಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೋಕೋಪೀಟ್ ಸಸಿಯ ಜೊತೆ ಕುಂಡಕ್ಕೆ ಹೋಗಿಬಿಡುತ್ತದೆ, ಇದು ವಾಪಸ್ ಬರುತ್ತದೆ. ಸಸಿ ಕೀಳುವಾಗ ಡಬ್ಬಿಯನ್ನು ನೀರಿನಲ್ಲಿ ಮುಳುಗಿಸಿ ಅಲುಗಾಡಿಸಿದರೆ ಹರಳು ಉದುರಿ, ಬೇರು ಒಂದೂ ಹರಿಯದೆ ಬಿಡಿಸಿಕೊಳ್ಳುತ್ತದೆ. ಬಿಳೀ ಬೇರು ಅಷ್ಟು ಸ್ಪಷ್ಟವಾಗಿ ನೋಡಲು ಸಿಗುವುದು ಅಪರೂಪ. ಉಳಿದ ಹರಳನ್ನು ತೊಳೆದು, ಕುದಿಯುವ ನೀರು ಸುರಿದು, ಬಿಸಿಲಿಗೆ ಹರಡಿ, ಮುಂದಿನ ಸಲಕ್ಕೆ ಎತ್ತಿಡುತ್ತೇನೆ. ಮೊದಲು ತಂದ ಹರಳನ್ನು ಈಗಲೂ ಬಳಸುತ್ತಿದ್ದೇನೆ. ತೊಳೆದಾಗಲೆಲ್ಲ ಸ್ವಲ್ಪ ಸವೆಯುತ್ತದೆ, ಅಷ್ಟೇ.

ಹುರುಳಿಕಾಯಿ, ಬೆಂಡೆ, ಸೌತೆ, ಹೀರೆಗೆಲ್ಲ ಇದು ಬೇಡ. ಅವನ್ನು ನೇರ ಮಣ್ಣಿಗೇ ಊರುತ್ತೇನೆ. ನೂರಾರು ಸಸಿ ಬೆಳೆಸುವವರಿಗೂ ಖರ್ಚು ಕೈಗೂಡುವುದಿಲ್ಲ. ಮಳೆಗಾಲದಲ್ಲಿ ಬದನೆ, ಮೆಣಸಿನಕಾಯಿ ಸಸಿ ಕಳೆದುಕೊಂಡು ಬೇಸತ್ತವರು ಖಂಡಿತ ತರಿಸಿ. ಮೊದಲು ಒಂದು ಕೆಜಿ ಸಾಕು. ಒಂದು ಹಿಡಿ ಹರಳನ್ನು ಗಾಜಿನ ಲೋಟದ ನೀರಿನಲ್ಲಿ ರಾತ್ರಿಯಿಡೀ ನೆನೆಸಿ. ಬೆಳಗ್ಗೆ ಬೆರಳಲ್ಲಿ ತಿಕ್ಕಿದಾಗ ಗಟ್ಟಿಯಾಗೇ ಇದ್ದರೆ ಅದೇ ಮಾರಾಟಗಾರರಿಂದ ಇನ್ನಷ್ಟು ತರಿಸಿ. ಕರಗಿದರೆ ಬೀಜ ಹಾಕಬೇಡಿ, ಅವತ್ತೇ ವಾಪಸ್ ಕಳಿಸಿ.