ಅಗೇಟ್ ಕುಟ್ಟಾಣಿ: ಒಂದು ವರ್ಷ ದಿನಾ ಅರೆದ ಮೇಲೆ

ಫಿಸಿಕ್ಸ್ ಓದಿ ಮೆಟೀರಿಯಲ್ಸ್ ಕಡೆಗೆ ಬರುವ ಹುಡುಗ ಹುಡುಗಿಯರಿಗೆಲ್ಲ ದೊಡ್ಡ ಯಂತ್ರಗಳ ಮೇಲೇ ಕಣ್ಣು. ನನಗೂ ಹಾಗೇ ಇತ್ತು. ಆದರೆ ಪಿಎಚ್‌ಡಿಯ ಮೊದಲ ವರ್ಷದ ಬಹುಪಾಲು ಕಳೆದದ್ದು ಪುಡಿ ಅರೆಯುವುದರಲ್ಲಿ. ಹೋದ ವರ್ಷ ನನ್ನದೇ ಸಣ್ಣ ಲ್ಯಾಬ್ ಶುರುವಾದಾಗ ಮೊದಲು ತರಿಸಿದ್ದು 100 ಮಿಲಿಮೀಟರ್ ಅಗಲದ ಈ ಅಗೇಟ್ ಕಲ್ಲಿನ ಕುಟ್ಟಾಣಿ.

ಬೆಲೆ ಜಾಸ್ತಿ, ನಿಜ. ಪಿಂಗಾಣಿಯದು ಇದರ ಮುಂದೆ ತುಂಬಾ ಅಗ್ಗ. ಆದರೂ ಇದೇ ಬೇಕು. ನಾವು ಮಾಡುವುದು ಸೂಪರ್‌ಕಂಡಕ್ಟರ್, ಅಂದರೆ ತುಂಬಾ ತಣ್ಣಗಾದಾಗ ಕರೆಂಟನ್ನು ತಡೆಯೇ ಇಲ್ಲದೆ ಹರಿಯಬಿಡುವ ವಸ್ತು: ಇಟ್ರಿಯಂ, ಬೇರಿಯಂ, ತಾಮ್ರ 1:2:3 ಲೆಕ್ಕಕ್ಕೆ ಬರುವ ಹಾಗೆ ಮೂರು ಪುಡಿ ತೂಗಿ, ಅರೆದು, 900 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಸುಟ್ಟು, ಹೊರಗೆ ತೆಗೆದು ಮತ್ತೆ ಅರೆದು, ಮತ್ತೆ ಸುಡಬೇಕು. ಪುಡಿ ಕರಗಿ ನೀರಾಗುವುದಿಲ್ಲ. ಒಂದು ಕಣದಿಂದ ಪಕ್ಕದ ಕಣಕ್ಕೆ ಪರಮಾಣುಗಳು ನಿಧಾನವಾಗಿ ದಾಟಬೇಕು. ಕಣ ದಪ್ಪ ಉಳಿದರೆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ, ಪುಡಿ ಒತ್ತಿ ಮಾಡಿದ, ಕಪ್ಪಗಿರಬೇಕಾದ ಬಿಲ್ಲೆಯಲ್ಲಿ ಹಸಿರು ಛಾಯೆ ಕಾಣುತ್ತದೆ.

ಉಕ್ಕಿನದರಲ್ಲಿ ಅರೆದರೆ ಕಬ್ಬಿಣ ಸೇರುತ್ತದೆ. ತಾಮ್ರದ ಜಾಗದಲ್ಲಿ ಸ್ವಲ್ಪ ಕಬ್ಬಿಣ ಬಂದು ಕೂತರೂ ಸಾಕು, ಸೂಪರ್‌ಕಂಡಕ್ಟರ್ ಆಗುವ ತಾಪ ಇಳಿಯುತ್ತದೆ. ಪಿಂಗಾಣಿಯ ಒರಟು ತಳದಲ್ಲಿ ಹಳೇ ಪುಡಿ ಅಂಟಿಕೊಂಡಿರುತ್ತದೆ. ಅಗೇಟ್ ಅಂದರೆ ಹೆಚ್ಚುಕಡಿಮೆ ಬರೀ ಸಿಲಿಕಾ, 10ರವರೆಗಿನ ಮೋಸ್ ಅಳತೆಯಲ್ಲಿ ಗಡಸುತನ 7ರ ಹತ್ತಿರ, ಒಳಗೆಲ್ಲ ಗಾಜಿನ ಹಾಗೆ ನುಣುಪು. ಒರೆಸಿದರೆ ಸ್ವಚ್ಛ. ಹಟ ಹಿಡಿದ ಕಲೆಗೆ ತೆಳು ನೈಟ್ರಿಕ್ ಆಮ್ಲ ಸಾಕು.

ಹೊಸಬರಿಗೆ ನಾನು ಸದಾ ಹೇಳುವುದು ಕೆ. ಅಲೆಕ್ಸ್ ಮ್ಯೂಲರ್ ಅವರ ಕಥೆ. ಸ್ವಿಟ್ಜರ್‌ಲೆಂಡಿನ ಐಬಿಎಂ ಲ್ಯಾಬಿನಲ್ಲಿ ದಶಕಗಳ ಕಾಲ ಆಕ್ಸೈಡ್‌ಗಳ ಹಿಂದೆಯೇ ಇದ್ದ ಭೌತವಿಜ್ಞಾನಿ ಅವರು. 1986ರಲ್ಲಿ ಸಹೋದ್ಯೋಗಿ ಬೆಡ್ನೋರ್ಜ್ ಜೊತೆ ಸೇರಿ ಲ್ಯಾಂಥನಂ-ಬೇರಿಯಂ-ತಾಮ್ರದ ಆಕ್ಸೈಡಿನಲ್ಲಿ 35 ಕೆಲ್ವಿನ್ (ಮೈನಸ್ 238 ಡಿಗ್ರಿ ಸೆಲ್ಸಿಯಸ್) ಹತ್ತಿರ ಸೂಪರ್‌ಕಂಡಕ್ಟಿವಿಟಿ ಕಂಡರು. ಮರುವರ್ಷವೇ ನೊಬೆಲ್, ಆಗ ಮ್ಯೂಲರ್‌ಗೆ 60 ವರ್ಷ. ಅವರು ಪುಡಿ ತಯಾರಿಸಿದ ದಾರಿ ಬೇರೆ, ದ್ರಾವಣದಿಂದ ಇಳಿಸಿದ್ದು. ಆದರೆ ಒಂದೇ ಬಗೆಯ ವಸ್ತುವನ್ನು ಬಿಡದೆ ಹಿಡಿದು ಕೂತರಲ್ಲ, ಅದು ನನಗೆ ತುಂಬಾ ದೊಡ್ಡದು. 1987ರಲ್ಲಿ ಬಂದ, ಈಗ ನಾವು ಮಾಡುವ ಇಟ್ರಿಯಂನದು 90 ಕೆಲ್ವಿನ್ ದಾಟಿತು, ಹಾಗಾಗಿ ಅದಕ್ಕೆ 77 ಕೆಲ್ವಿನ್‌ನ ದ್ರವ ನೈಟ್ರೋಜನ್ನೇ ಸಾಕು. ನಮ್ಮಂಥ ಸಣ್ಣ ಲ್ಯಾಬ್‌ಗಳು ಇದನ್ನು ಮಾಡಲು ಆಗುವುದು ಅದರಿಂದಲೇ.

ಇನ್ನು ಕೊರತೆಗಳು. ಮೊದಲು ಬಂದ ಕುಟ್ಟಾಣಿಯಲ್ಲಿ ಕೂದಲೆಳೆಯಷ್ಟು ಬಿರುಕು ಇತ್ತು. ಬದಲಾಯಿಸಿಕೊಡಲು ಮಾರಿದವರು ಎರಡು ತಿಂಗಳು ಓಡಾಡಿಸಿದರು, ಬೇಜಾರಾಯಿತು. ಬಂದ ಕೂಡಲೇ ಬೆಳಕಿಗೆ ಹಿಡಿದು ನೋಡಿ. ಅರೆಯುವ ಗುಂಡು ಗಿಡ್ಡ, ಅರ್ಧ ಗಂಟೆಗೇ ಮಣಿಕಟ್ಟು ನೋಯುತ್ತದೆ. ನಾವು ಮರದ ಹಿಡಿ ಹಾಕಿಸಿಕೊಂಡೆವು, ಈಗ ಪರವಾಗಿಲ್ಲ.

ಹೆಸರು ಕುಟ್ಟಾಣಿ ಆದರೂ ಇದರಲ್ಲಿ ಕುಟ್ಟಬೇಡಿ, ಸೀಳುತ್ತದೆ. ದೊಡ್ಡ ಗಟ್ಟಿಗಳನ್ನು ಬೇರೆ ಕಡೆ ಒಡೆದುಕೊಂಡು ಬನ್ನಿ. ಓವನ್‌ನಿಂದ ತೆಗೆದ ಬಿಸಿ ಪುಡಿ ಸುರಿಯಬೇಡಿ. ಮೂರು ಪುಡಿಗಳಲ್ಲಿ ಒಂದಾದ ಬೇರಿಯಂ ಕಾರ್ಬೊನೇಟ್ ವಿಷ, ಮಾಸ್ಕ್ ಗ್ಲೌಸ್ ಇಲ್ಲದೆ ಮುಟ್ಟಲೇಬೇಡಿ. ಸ್ವಲ್ಪ ಅಸಿಟೋನ್ ಹಾಕಿ ಅರೆದರೆ ಪುಡಿ ಏಳುವುದಿಲ್ಲ, ಆದರೆ ಬೆಂಕಿ ಹತ್ತಿರ ಇರಬಾರದು, ಕಿಟಕಿ ತೆರೆದಿರಲಿ. ದುಡ್ಡು ಉಳಿಸಲು 50 ಮಿಲಿಮೀಟರಿನದು ತಗೋಬೇಡಿ, 5 ಗ್ರಾಂ ಹಾಕಿದರೂ ಅಂಚಿನಿಂದ ಚೆಲ್ಲುತ್ತದೆ, ತೂಗಿದ ಲೆಕ್ಕವೆಲ್ಲ ಹಾಳು.