ತೇಗದ ಪಟ್ಟಿ ಕೂರಿಸುವ ದಿನ ನೀವು ಅಲ್ಲೇ ಇರಿ

ಮನೆಗೆ ವೆನಿಯರ್ (ಅಂದಕ್ಕೆ ಅಂಟಿಸುವ ತೆಳು ಮರದ ಪದರ) ಹಚ್ಚಿದ ಶೆಲ್ಫ್ ಮಾಡಿಸುತ್ತಿದ್ದೀರಾ? ಅಂಚಿಗೆ ಮರದ ಪಟ್ಟಿ ಕೂರಿಸುವ ದಿನ ದಯವಿಟ್ಟು ರಜೆ ಹಾಕಿ. ನಾನು ಹಾಕಲಿಲ್ಲ. ಪುಸ್ತಕದ ಕಪಾಟಿನ ಆರೂ ಹಲಗೆ ಹಾಳಾದವು.

19 ಎಂಎಂ ಪ್ಲೈವುಡ್, ಮೇಲೆ ತೇಗದ ವೆನಿಯರ್ ಶೀಟ್. ಪ್ಲೈ ಪದರ ಕಾಣದಿರಲಿ ಅಂತ ಮುಂದಿನ ಅಂಚಿಗೆ ಗಟ್ಟಿ ತೇಗದ ಪಟ್ಟಿ. ಪಟ್ಟಿಯನ್ನು ಹಲಗೆಗಿಂತ ಒಂದು ಚೂರು ದಪ್ಪ ಇಟ್ಟು ಅಂಟಿಸಿ, ಆಮೇಲೆ ಸಮ ಮಾಡುತ್ತಾರೆ. ಅದು ಸರಿಯೇ. ಆದರೆ ಸಮ ಮಾಡಲು ಕೆಲಸದ ಹುಡುಗ ಗ್ರೈಂಡರ್‌ಗೆ ಸ್ಯಾಂಡಿಂಗ್ ಡಿಸ್ಕ್ ಹಾಕಿ ಉಜ್ಜಿಬಿಟ್ಟ. ಶೀಟ್ 4 ಎಂಎಂ ಇದೆಯಲ್ವಾ, ಏನಾಗುತ್ತೆ ಅನ್ನಿಸಬಹುದು. ಅದರಲ್ಲಿ ತೇಗ ಇರುವುದು ಮೇಲಿನ ಅರ್ಧ ಎಂಎಂ ಮಾತ್ರ, ಎಷ್ಟೋ ಶೀಟ್‌ಗಳಲ್ಲಿ ಅಷ್ಟೂ ಇಲ್ಲ. ಡಿಸ್ಕ್ ಸ್ವಲ್ಪ ವಾಲಿದರೆ ಸಾಕು, ತೇಗ ಹೋಗಿ ಅಡಿಯ ಬೇರೆ ಮರ ಕಾಣುತ್ತದೆ.

ಸಂಜೆ ನೋಡಿದಾಗ ಎಲ್ಲ ಕಡೆ ಪುಡಿ, ಏನೂ ಗೊತ್ತಾಗಲಿಲ್ಲ. ಪಾಲಿಶ್ ಹೊಡೆದ ಮೇಲೆ ಅಂಚಿನುದ್ದಕ್ಕೂ ಬಿಳಿಚಿದ ತೇಪೆಗಳು ಎದ್ದವು. ಸಂದಿಯಿಂದ ಉಕ್ಕಿದ ಅಂಟನ್ನೂ ಸುಮ್ನೆ ಬೆರಳಲ್ಲಿ ಸವರಿದ್ದರು. ಅಂಟು ಕುಡಿದ ಜಾಗ ಬಣ್ಣ ಹಿಡಿಯಲೇ ಇಲ್ಲ. "ಟಚಪ್ ಮಾಡ್ತೀವಿ ಸಾರ್" ಅಂದರು. ಮಾಡಿದರು ಕೂಡ. ಆದರೆ ಮರದ ಗೆರೆಯೇ ಹೋದ ಮೇಲೆ ಬರೀ ಬಣ್ಣ ಏನು ಮಾಡೀತು? ಕಿಟಕಿಯ ಬೆಳಕು ಬಿದ್ದರೆ ಇನ್ನೂ ಎದ್ದು ಕಾಣುತ್ತಿತ್ತು.

ಹಾಗಾಗಿ ಮೊದಲೇ ಮಾತಾಡಿಕೊಳ್ಳಿ. ಅಂಟಿಸುವ ಮುಂಚೆ ವೆನಿಯರ್ ಅಂಚಿಗೆ ಮಾಸ್ಕಿಂಗ್ ಟೇಪ್ ಹಚ್ಚಲಿ, ಉಕ್ಕಿದ ಅಂಟು ಅದರ ಜೊತೆಗೇ ಹೋಗುತ್ತದೆ. ಗ್ರೈಂಡರ್ ಬೇಡವೇ ಬೇಡ. ಹರಿತವಾದ ಕೀಸುಳಿಯಲ್ಲಿ ಪಟ್ಟಿಯನ್ನಷ್ಟೇ ಕೀಸಿ, ಕಾಗದದಷ್ಟು ಎತ್ತರ ಉಳಿದಾಗ ನಿಲ್ಲಿಸಬೇಕು. ಉಳಿದದ್ದಕ್ಕೆ ಮರದ ತುಂಡಿಗೆ ಸುತ್ತಿದ ಸ್ಯಾಂಡ್ ಪೇಪರ್ ಸಾಕು. ಅದಕ್ಕೂ ಮುಂಚೆ ಟೇಪ್ ತೆಗೆದು, ಸಂದಿಯ ಪಕ್ಕ ವೆನಿಯರ್ ಮೇಲೆ ಪೆನ್ಸಿಲ್ ಗೀಟು ಎಳೆದಿಡಿ. ಗೀಟು ಮಾಸಲು ಶುರುವಾದರೆ ಕೈ ವೆನಿಯರ್‌ಗೆ ತಾಗಿದೆ ಅಂತಲೇ ಅರ್ಥ, ಅಲ್ಲಿಗೆ ನಿಲ್ಲಿಸಿ. ಪಟ್ಟಿಯ ಮರ ಚೆನ್ನಾಗಿ ಒಣಗಿದೆಯಾ ಅಂತಲೂ ಕೇಳಿ. ಹಸಿ ಇದ್ದರೆ ಬೇಸಿಗೆಯಲ್ಲಿ ಕುಗ್ಗಿ ಸಂದಿ ಬಿಡುತ್ತದೆ.

ಕೊನೆಗೆ ಆರೂ ಹಲಗೆ ಹೊಸದಾಗಿ ಮಾಡಿಸಿದೆ. ಈ ಸಲ ಬಂದ ಹಿರಿಯ ಬಡಗಿ ಕೀಸುಳಿ ಬಿಟ್ಟು ಬೇರೇನೂ ಮುಟ್ಟಲಿಲ್ಲ. ಒಂದು ಹಲಗೆಗೆ ಅವರಿಗೆ ಹಿಡಿದದ್ದು ಇಪ್ಪತ್ತು ನಿಮಿಷ.